ನಾನು ಪ್ಲಗ್ ಹಾಕಿದ ಕಾರು

ಮನುಷ್ಯನ ಹೊಟ್ಟೆಯೊಳಗೆ ಏನೇನಿದೆ ಎಂದು ಓದಿ ಪಾಸಾದವನಿಗೆ ಜಗತ್ತಿನ ಉಳಿದ ವಸ್ತುಗಳ ಒಳಗೂ ಏನಿದೆಯೆಂದು ಗೊತ್ತು ಎಂಬ ಭ್ರಮೆ ಹುಟ್ಟುತ್ತದೆ. ನನಗಂತೂ ಹುಟ್ಟಿತ್ತು. ಐವತ್ತರ ದಶಕದ ಕೊನೆಗೆ ನಾನು ಬೆಳ್ಳಾರೆಯಲ್ಲಿ ಡಾಕ್ಟರು. ನನ್ನ ಹಳೆಯ ಕಾರಿಗೆ ಕೆಮ್ಮು, ದಮ್ಮು ಎರಡೂ ಇದ್ದವು. ಪುತ್ತೂರಿನ ಗ್ಯಾರೇಜಿನವನು, "ಪ್ಲಗ್ ಹೋಗಿದೆ ಡಾಕ್ಟ್ರೆ, ಬಿಟ್ಟು ಹೋಗಿ, ನಾಳೆ ಹಾಕಿ ಕೊಡ್ತೇನೆ" ಎಂದ. "ನಾಲ್ಕು ಪ್ಲಗ್ ಕೊಡು ಮಾರಾಯ, ಹಾಕುದು ಎಂತ ಬ್ರಹ್ಮವಿದ್ಯೆಯಾ?" ಎಂದು ಪೊಟ್ಟಣ ಕಟ್ಟಿಸಿಕೊಂಡು ಬಂದೆ.

ಮರುದಿನವೇ ನನ್ನ ಹೆಂಡತಿ ದೇವಕಿಯ ತಮ್ಮ ಪದ್ಮಯ್ಯನಿಗೆ ಹೆಣ್ಣು ನೋಡಲು ಗುತ್ತಿಗಾರಿಗೆ ಹೋಗಬೇಕಿತ್ತು. ಪದ್ಮಯ್ಯ ಶಾಲೆಯ ಮಾಸ್ತರ. ಮಕ್ಕಳೆದುರು ಗುಡುಗುವ ಇವನು ಹೆಣ್ಣಿನ ಮನೆಯ ಜಗಲಿಯಲ್ಲಿ ಕೂತರೆ ಬಾಯಿ ಕಟ್ಟಿದ ಉಪ್ಪಿನಕಾಯಿ ಭರಣಿಯ ಹಾಗೆ. ಮೊದಲು ನೋಡಿದ ಮನೆಯವರು ಹುಡುಗ ಮೂಗನೋ ಏನೋ ಎಂದು ಸಂಬಂಧವನ್ನೇ ಬಿಟ್ಟಿದ್ದರು. "ಇವ ಹೇಗೂ ಬಾಯಿ ಬಿಡುದಿಲ್ಲ. ಕಾರಲ್ಲಿ ಹೋಗಿ ಇಳಿದ್ರೆ ಕಾರಾದ್ರೂ ನಮ್ಮ ಪರವಾಗಿ ಎರಡು ಮಾತಾಡೀತು" ಎಂಬುದು ದೇವಕಿಯ ಲೆಕ್ಕಾಚಾರ.

ಬೆಳಿಗ್ಗೆ ಬಾನೆಟ್ ಎತ್ತಿದೆ. ವಯರುಗಳನ್ನು ಪಟಪಟನೆ ಕಿತ್ತೆ, ಹಲ್ಲು ಕೀಳುವ ಉತ್ಸಾಹದಲ್ಲಿ ಹಳೆಯ ಪ್ಲಗ್ಗುಗಳನ್ನು ತಿರುಚಿ ತೆಗೆದೆ, ಹೊಸತನ್ನು ಕೂರಿಸಿದೆ. ಯಾವ ವಯರು ಯಾವ ಪ್ಲಗ್ಗಿನದು ಎಂಬ ಪ್ರಶ್ನೆ ಹುಟ್ಟಿದ್ದು ಆಮೇಲೆ. ಎಲ್ಲ ವಯರೂ ಕಪ್ಪು, ಎಲ್ಲದರ ಮುಖವೂ ಒಂದೇ. "ಎಂತ ನೋಡುದು ನೀವು?" ಎಂದಳು ದೇವಕಿ. "ನೋಡುದಲ್ಲ, ಪರೀಕ್ಷೆ ಮಾಡುದು" ಎಂದು ಗಾಂಭೀರ್ಯದಿಂದ ಹೇಳಿ, ಕೈಗೆ ಸಿಕ್ಕಿದ್ದನ್ನು ಸಿಕ್ಕಿದಲ್ಲಿಗೆ ಸಿಕ್ಕಿಸಿದೆ.

ಕಾರು ಹೊರಟಿತು, ಅದೇ ಆಶ್ಚರ್ಯ. ಬೆಳ್ಳಾರೆ ಪೇಟೆ ದಾಟುವಾಗ ಹಿಂದಿನಿಂದ "ಢಂ!" ಎಂದಿತು. ಬಸ್ಸಿಗೆ ಕಾಯುತ್ತಿದ್ದವರು ಚದುರಿದರು. ಸಂತೆಯಿಂದ ಕೊಂಡೊಯ್ಯುತ್ತಿದ್ದ ಕೋಳಿಯೊಂದು ಯಜಮಾನನ ಕಂಕುಳಿನಿಂದ ಹಾರಿ ಹೋಟೆಲಿನ ಹಂಚಿನ ಮಾಡು ಹತ್ತಿತು. ಏರು ಬಂದಲ್ಲೆಲ್ಲ ಪದ್ಮಯ್ಯ ಇಳಿದು ತಳ್ಳಿದ. ಇಳಿಜಾರಿನಲ್ಲಿ ಕಾರು ಢಂ ಢಂ ಎಂದು ಹಬ್ಬ ಮಾಡಿತು. ದೇವಕಿ ಕಿವಿಗೆ ಸೆರಗು ತುರುಕಿ, "ಇದು ದಿಬ್ಬಣವಾ, ಯುದ್ಧವಾ?" ಎಂದಳು.

ಹೆಣ್ಣಿನ ತಂದೆ ಬೆಳ್ಯಪ್ಪ ಗೌಡರ ಮನೆಯೆದುರು ನಮ್ಮನ್ನು ಸ್ವಾಗತಿಸಲು ಯಾರೂ ಇರಲಿಲ್ಲ. ಎಲ್ಲರೂ ಪಕ್ಕದ ಬಾಳೆತೋಟದ ಬೇಲಿಯ ಹೊರಗೆ ನಿಂತು ಡಬ್ಬಿ ಬಡಿಯುತ್ತಿದ್ದರು. ತೋಟದ ನಡುವೆ ಒಂದು ಒಂಟಿ ಸಲಗ, ಮದುವೆಗೆ ಮೊದಲೇ ಬಂದ ನೆಂಟನಂತೆ ನಿಧಾನವಾಗಿ ಗೊನೆ ತಿನ್ನುತ್ತಿತ್ತು. ಕಾರು ತಿರುಗಿಸಿ ಓಡೋಣವೆಂದು ಆಕ್ಸಿಲರೇಟರ್ ಒತ್ತಿದೆ. "ಢಂ! ಢಂ! ಢಢಂ!" ಆನೆ ಕಿವಿ ಅಗಲಿಸಿತು, ನನ್ನನ್ನೊಮ್ಮೆ ನೋಡಿತು, ಬಾಲ ಎತ್ತಿಕೊಂಡು ಕಾಡಿನ ಕಡೆಗೆ ದೌಡಾಯಿಸಿತು.

ಗೌಡರು ಓಡಿ ಬಂದು ನನ್ನನ್ನು ಅಪ್ಪಿಕೊಂಡರು. "ಯಾವ ಕೋವಿ ಡಾಕ್ಟ್ರೆ ಅದು?"

ನಾನು ವಿನಯದಿಂದ ಗಂಟಲು ಸರಿಪಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪದ್ಮಯ್ಯ ಬಾಯಿ ಬಿಟ್ಟ, "ಕೋವಿಯೂ ಇಲ್ಲ, ಎಂತದೂ ಇಲ್ಲ ಮಾರಾಯ್ರೆ. ಭಾವನಿಗೆ ಪ್ಲಗ್ ಹಾಕ್ಲಿಕ್ಕೆ ಬರುದಿಲ್ಲ, ಅಷ್ಟೆ. ನಾನು ಬೆಳ್ಳಾರೆಯಿಂದ ತಳ್ಳಿಕೊಂಡೇ ಬಂದದ್ದು!"

ಡಬ್ಬಿ ಹಿಡಿದು ನಿಂತಿದ್ದ ಹುಡುಗಿ ಲೀಲಾವತಿ ಕಿಸಕ್ಕನೆ ನಕ್ಕಳು. ನಕ್ಕು ನಕ್ಕು ಡಬ್ಬಿ ಕೈಜಾರಿ ಬಿತ್ತು. ಪದ್ಮಯ್ಯ ಹೆಕ್ಕಿ ಕೊಟ್ಟ. ಆಮೇಲೆ ಕಾಫಿ ಮುಗಿಯುವವರೆಗೂ ಇಬ್ಬರೂ ನನ್ನ ಬಗ್ಗೆಯೇ ಮಾತಾಡಿಕೊಂಡು ನಕ್ಕರು. ಸಂಬಂಧ ಅಲ್ಲೇ ಕುದುರಿತು.

ಮದುವೆಯೂ ಆಯಿತು, ಗ್ಯಾರೇಜಿನವನು ವಯರು ಸರಿಮಾಡಿ ಕಾರೂ ಸಭ್ಯವಾಯಿತು. ಅಷ್ಟರಲ್ಲಿ ಗೌಡರು ಆಳಿನ ಹತ್ತಿರ ಹೇಳಿ ಕಳಿಸಿದರು, "ಆನೆ ಪುನಃ ಬಂದುಂಟು. ಕಾರನ್ನು ಆ ದಿನ ಮಾಡಿದ ಹಾಗೆಯೇ ಮಾಡಿ ತನ್ನಿ." ಬೀಗರ ಮಾತು, ಇಲ್ಲವೆನ್ನಲಾದೀತೇ? ಇಡೀ ಭಾನುವಾರ ವಯರುಗಳನ್ನು ಅತ್ತಿತ್ತ ಬದಲಿಸಿದೆ. ಒಮ್ಮೆ ಕಾರು ಸ್ಟಾರ್ಟೇ ಆಗಲಿಲ್ಲ. ಇನ್ನೊಮ್ಮೆ ಬೆಣ್ಣೆಯಂತೆ ಓಡಿತು. ಢಂ ಮಾತ್ರ ಇಲ್ಲ. "ತಪ್ಪು ಮಾಡ್ಲಿಕ್ಕಾದ್ರೂ ಸರಿ ಬರ್ತದಾ ನಿಮಗೆ?" ಎಂದಳು ದೇವಕಿ.

ಕೊನೆಗೆ ಪೇಟೆಯಲ್ಲಿ ಒಂದು ಕಟ್ಟು ಪಟಾಕಿ ಕೊಂಡು, ಗುತ್ತಿಗಾರಿಗೆ ಬಸ್ಸಿನಲ್ಲಿ ಹೋದೆ.