ಬಾಯಿ ಮುಚ್ಚಿಕೊಂಡು ಬಿಂಡಿಗನವಿಲೆಗೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕಟ್ಟಿದವರು ನನ್ನನ್ನು ನೋಡಿರಲಿಲ್ಲ. ನನಗೆ ಎರಡೂ ಚೆನ್ನಾಗಿಯೇ ಬರುತ್ತವೆ; ಆದರೂ ಸಕ್ಕರೆ ಕಾಯಿಲೆ ಇದೆ, ಜಗಳಕ್ಕೂ ಬರಗಾಲವಿಲ್ಲ. ಯಾರಾದರೂ ಒಂದು ಕೆಲಸ ಮಾಡುತ್ತಿದ್ದರೆ ಪಕ್ಕದಲ್ಲಿ ನಿಂತು ‘ಅಂಗಲ್ಲ ಕಣಪ್ಪ, ಇಂಗೆ’ ಎನ್ನದೆ ಇರಲು ನನ್ನಿಂದ ಆಗದು. ಎಳನೀರು ಕೊಚ್ಚುವವನಿಗೆ ಮಚ್ಚು ಹಿಡಿಯುವುದನ್ನು ಹೇಳಿಕೊಟ್ಟಿದ್ದೇನೆ. ಕಟಿಂಗ್ ಅಂಗಡಿಯಲ್ಲಿ ನನ್ನ ತಲೆಯ ಜೊತೆಗೆ ಪಕ್ಕದ ಕುರ್ಚಿಯವನ ತಲೆಗೂ ಸಲಹೆ ಕೊಟ್ಟಿದ್ದೇನೆ. ಒಮ್ಮೆ ಸಾವಿನ ಮನೆಗೆ ಹೋದಾಗ ಗುಂಡಿ ತೋಡುವವರಿಗೆ ತಲೆ ಯಾವ ಕಡೆ ಬರಬೇಕು, ಕಾಲು ಯಾವ ಕಡೆ ಬರಬೇಕು ಎಂದು ಹೇಳಿ ಬಂದೆ. ಅದನ್ನು ಕೇಳಿದ ನನ್ನ ಹೆಂಡತಿ ಜಯಮ್ಮ, “ನೀವು ಸತ್ತೋದಾಗ ಗುಂಡಿ ತೋಡೋರ್ಗೆ ಸ್ಯಾನೆ ಬೇಜಾರಾಯ್ತದೆ ಬುಡಿ, ಯೋಳಿಕೊಡೋರೇ ಇರಾಕಿಲ್ಲ” ಎಂದಳು.

ತಪ್ಪು ನನ್ನೊಬ್ಬನದೇ ಅಲ್ಲ, ನೌಕರಿಯದೂ ಇದೆ. ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರಾಗಿ ಕೂತು, ಯಾವ ಬಸ್ಸು ಎಲ್ಲಿಗೆ ಎಂದು ಮೈಕಿನಲ್ಲಿ ಕೂಗುವುದೇ ನನ್ನ ಜೀವನವಾಗಿತ್ತು. ನಮ್ಮ ಸೀಮೆಯ ಜನ ಬಸ್ಸಿನ ಬೋರ್ಡನ್ನು ಓದುವುದಿಲ್ಲ. ಓದು ಬರುವುದಿಲ್ಲವೆಂದಲ್ಲ. ಎರಡು ಡಿಗ್ರಿ ಮಾಡಿದವನು ಕೂಡ ಬೋರ್ಡಿನ ಕೆಳಗೇ ನಿಂತು, “ಇದು ಎಲ್ಲಿಗೋಯ್ತದೆ ಸಾ?” ಎಂದು ಕೇಳುತ್ತಾನೆ. ನಾನು ಹೇಳಿದರೆ ಸಾಲದು. ಕಂಡಕ್ಟರನ್ನು ಕೇಳಿ, ಡ್ರೈವರನ್ನು ಕೇಳಿ, ಒಳಗೆ ಎಲೆಅಡಿಕೆ ಹಾಕಿಕೊಂಡು ಕೂತಿರುವ ಅಜ್ಜಿಯನ್ನೂ ಕೇಳಿ, ಎಲ್ಲರ ಮಾತೂ ಒಂದಾದರೆ ಮಾತ್ರ ಹತ್ತುತ್ತಾನೆ. ನನಗೋ ಮೈ ಉರಿದುಹೋಗುತ್ತಿತ್ತು. “ಬೋರ್ಡ್ ಓದ್ರಪ್ಪಾ! ಬಣ್ಣ ಬಳ್ದು ಬರ್ಸಿರೋದು ಏನು, ದೃಷ್ಟಿ ಆಗ್ದೆ ಇರ್ಲಿ ಅಂತಾನಾ?” ಎಂದು ಮೈಕಿನಲ್ಲೇ ಬಯ್ಯುತ್ತಿದ್ದೆ. ನಿವೃತ್ತಿಯ ದಿನ ಮೈಕನ್ನು ಕಸಿದುಕೊಂಡು ಹಾರ ಹಾಕಿ ಕಳಿಸಿದರು. ಬಾಯಿ ನನ್ನ ಜೊತೆಗೇ ಬಂತು.

ಈಗ ಶಾಲೆಯ ವಿಷಯಕ್ಕೆ ಬರುತ್ತೇನೆ. ನನ್ನ ಮೊಮ್ಮಗಳು ಮಾನ್ಯ, ಎಂಟು ವರ್ಷದವಳು, ಓದುವುದು ನಮ್ಮೂರಿನ ಒಂದು ಸಣ್ಣ ಮಾಂಟೆಸರಿ ಶಾಲೆಯಲ್ಲಿ. ಹೆಂಚಿನ ಮನೆ, ಮುಂದೆ ಒಂದು ನುಗ್ಗೆಮರ, ಒಳಗೆ ಬೆಂಚಿಲ್ಲ, ಬೆತ್ತವಿಲ್ಲ. ಮಕ್ಕಳು ಚಾಪೆ ಹಾಸಿಕೊಂಡು ಮಣಿ ಪೋಣಿಸುವುದೋ, ಅವರೆಕಾಯಿ ಬಿಡಿಸುವುದೋ, ತಮಗೆ ಬೇಕಾದ ಕೆಲಸ ಮಾಡುತ್ತವೆ. ನಡೆಸುವವರು ವೀಣಕ್ಕ, ಟೀಚರನ್ನು ಅಲ್ಲಿ ಅಕ್ಕ ಎಂದೇ ಕರೆಯಬೇಕು. ಶನಿವಾರ ಶನಿವಾರ ವಿಶೇಷ ಕಾರ್ಯಕ್ರಮ: ಒಂದು ವಾರ ಜೇಡಿಮಣ್ಣು, ಒಂದು ವಾರ ಬುಟ್ಟಿ ಹೆಣಿಗೆ, ಒಂದು ವಾರ ಸೋಬಾನೆ ಪದ. ಆ ಶಾಲೆಯಲ್ಲಿ ಎಲ್ಲದಕ್ಕೂ ‘ಅವಕಾಶ’ ಎನ್ನುತ್ತಾರೆ. ಮಗು ನೀರು ಚೆಲ್ಲಿದರೆ ವೀಣಕ್ಕ ಬಯ್ಯುವುದಿಲ್ಲ, “ನೆಲ ಒರೆಸೋ ಅವಕಾಶ ಸಿಕ್ತಲ್ಲ” ಎನ್ನುತ್ತಾರೆ. ಪಕ್ಕದ ಮನೆಯ ಕರೀಗೌಡ, “ಅಲ್ಲ ಕಣಣ್ಣ, ಅವರೆಕಾಯಿ ಬುಡ್ಸೋದ ಕಲ್ಸಕ್ಕೂ ಇಸ್ಕೂಲು ಬೇಕಾ? ನಮ್ಮಟ್ಟೀಗೆ ಕಳ್ಸು, ಮೂಟೆಗಟ್ಲೆ ಅವಕಾಶ ಅದೆ” ಎಂದು ನಗುತ್ತಾನೆ. ಜಯಮ್ಮನಿಗೆ ಮಾತ್ರ ಈ ಪದ ಬಹಳ ಹಿಡಿಸಿಬಿಟ್ಟಿದೆ. ನಾನು ಈಚೆಗೆ ದಿನಾ ಬೆಳಿಗ್ಗೆ ಹಾಲಿನ ಪಾತ್ರೆ ತಿಕ್ಕುವ ಅವಕಾಶ ಪಡೆಯುತ್ತಿದ್ದೇನೆ.

ಈ ವರ್ಷ ವೀಣಕ್ಕ ಹೊಸದೊಂದು ಶುರು ಮಾಡಿದರು. ದೊಡ್ಡ ಮಕ್ಕಳು ಏನು ನೋಡಬೇಕೆಂದು ತಾವೇ ತೀರ್ಮಾನಿಸಿ, ಬಸ್ಸು ವಿಚಾರಿಸಿ, ಬುತ್ತಿ ಕಟ್ಟಿಕೊಂಡು ತಾವೇ ಹೋಗಿ ಬರಬೇಕು. ಜೊತೆಗೆ ದೊಡ್ಡವರೊಬ್ಬರು ಇರುತ್ತಾರೆ, ಆದರೆ ಹಿಂದೆ ನಡೆಯಬೇಕಷ್ಟೆ. ಮಾನ್ಯ, ಅವಳ ಗೆಳತಿ ಸಾನಿಯಾ, ಯಶಸ್ ಎಂಬ ಹುಡುಗ, ಮೂವರೂ ಕಂಬಳಿ ಎಲ್ಲಿಂದ ಬರುತ್ತದೆ ಎಂಬುದರ ಬೆನ್ನು ಹತ್ತಿದ್ದರು. ನಾಗಮಂಗಲದ ಆಚೆ ಬಿಂಡಿಗನವಿಲೆಯಲ್ಲಿ ಕುರಿ ಬಹಳ ಎಂದು ಯಾರೋ ಹೇಳಿದ್ದರಂತೆ. ಅಲ್ಲಿ ಹೋಗಿ ಉಣ್ಣೆ ಕತ್ತರಿಸುವುದನ್ನು ಕಣ್ಣಾರೆ ನೋಡಬೇಕು. ಕಬ್ಬು ಕಡಿಯುವ ಕಾಲ, ಅಪ್ಪ ಅಮ್ಮಂದಿರಿಗೆ ಬಿಡುವಿಲ್ಲ. ನಾನು ಬರುತ್ತೇನೆ ಎಂದು ಎದೆ ಮುಂದೆ ಮಾಡಿ ನಿಂತೆ. ಮಾನ್ಯ ಅಳುಮುಖ ಮಾಡಿಕೊಂಡು, “ತಾತ ಬೇಡ ಅಕ್ಕ, ತಾತ ಮಾತಾಡುತ್ತೆ” ಎಂದಳು.

ನಿಜ ಹೇಳುತ್ತೇನೆ, ಬಹಳ ನೋವಾಯಿತು. ಎತ್ತಿ ಆಡಿಸಿದ ಕೂಸು. ವೀಣಕ್ಕ ನಯವಾಗಿಯೇ ಷರತ್ತು ಹೇಳಿದರು: ಅಪಾಯ ಬಂದರೆ ಮಾತಾಡಬಹುದು, ಮಕ್ಕಳೇ ಕೇಳಿದರೆ ಮಾತಾಡಬಹುದು, ಉಳಿದಂತೆ ಇಲ್ಲ. ಮನೆಗೆ ಬಂದ ಮೇಲೆ ಮಾನ್ಯ ನನ್ನ ಮುಂದೆ ಕೂತು, “ತಾತ, ನೀನು ಹೇಳ್ಕೊಟ್ರೆ ಅದು ನಮ್ಮ ಟೂರ್ ಆಗಲ್ಲ, ನಿನ್ ಟೂರ್ ಆಗುತ್ತೆ. ಒಂದ್ಸಲ ಮಾತಾಡಿದ್ರೂ ಇನ್ನೊಂದ್ಸಲ ಕರೆಯಲ್ಲ, ಗೊತ್ತಾಯ್ತಾ?” ಎಂದಳು. ಮನೆದೇವರ ಮೇಲೆ ಆಣೆ ಮಾಡಿದೆ. ಜಯಮ್ಮ ಒಳಗಿನಿಂದ, “ದೇವ್ರುನ್ನ ಯಾಕೆ ಸಿಕ್ಕಾಕಿಸ್ತೀರಿ?” ಎಂದಳು.

ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಮೂವರೂ ಸಾಲಾಗಿ ನಿಂತರು. ಮಾಂಟೆಸರಿ ಮಕ್ಕಳು, ಯಾರನ್ನೂ ಕೇಳಲಿಲ್ಲ, ತಲೆ ಎತ್ತಿ ಬೋರ್ಡು ಓದಿದರು. ‘ನಾಗಮಂಗಲ’ ಎಂದಿತ್ತು. ನನ್ನ ಆಯುಷ್ಯದಲ್ಲಿ ಬೋರ್ಡು ಓದಿ ಬಸ್ಸು ಹತ್ತಿದ ಪ್ರಯಾಣಿಕರನ್ನು ನೋಡಿದ್ದು ಅಂದೇ ಮೊದಲು. ಏನು ಮಾಡೋಣ, ಆ ಬಸ್ಸು ಆಗಲೇ ನಾಗಮಂಗಲಕ್ಕೆ ಹೋಗಿ ಬಂದದ್ದು, ಈಗ ಹೋಗುವುದು ಕೆ.ಆರ್.ಎಸ್.ಗೆ. ಡ್ರೈವರು ಬೋರ್ಡು ಬದಲಾಯಿಸದೆ ಟೀ ಕುಡಿಯಲು ಹೋಗಿದ್ದ. ಅವನ ಮುಖ, ಬಸ್ಸು ನಿಂತ ಜಾಗ, ಹೊತ್ತು, ಇಷ್ಟು ನೋಡಿದರೆ ನನಗೆ ಸಾಕು. ಬಡಗಲಿಗೆ ಹೋಗಬೇಕಾದ ಮಕ್ಕಳು ತೆಂಕಲಿಗೆ ಹೋಗುವ ಬಸ್ಸಿಗೆ ಶಿಸ್ತಾಗಿ ಹತ್ತುತ್ತಿವೆ. ಬೋರ್ಡಿನ ಕಡೆ ಕಣ್ಣೂ ಹಾಯಿಸದೆ ಮೂರು ಮೂರು ಜನರನ್ನು ಕೇಳಿದವರೆಲ್ಲ ಸರಿಯಾದ ಬಸ್ಸಿನಲ್ಲಿ ಕೂತಿದ್ದಾರೆ. ಓದಿದ ಮೂವರು ಮಾತ್ರ ತಪ್ಪು ಬಸ್ಸಿನಲ್ಲಿ. ಬಾಯಿ ತನಕ ಬಂದ ಮಾತನ್ನು ನುಂಗಿ, ಅವರ ಹಿಂದೆ ನಾನೂ ಹತ್ತಿದೆ.

ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಬಂದ. ಮಾನ್ಯ ಗಂಭೀರವಾಗಿ ನಾಗಮಂಗಲಕ್ಕೆ ಟಿಕೆಟ್ ಕೇಳಿದಳು. “ಯಾವ್ ನಾಗಮಂಗ್ಲ ಮಗ? ಇದು ಕೆ.ಆರ್.ಎಸ್. ಬಸ್ಸು ಕಣವ್ವ” ಎಂದವನು ಹಿಂದೆ ನನ್ನನ್ನು ಕಂಡು ಹೌಹಾರಿದ. “ಅಯ್ಯೋ ಕಂಟ್ರೋಲರ್ ಸಾ! ನೀವಿದ್ದೂ ಇಂಗಾ? ಊರೋರ್ಗೆಲ್ಲಾ ಬಸ್ಸು ತೋರಿಸ್ದೋರು ನೀವೇ ತಪ್ಪು ಬಸ್ಸತ್ತುಬುಟ್ರಾ?”

ಇಡೀ ಬಸ್ಸು ತಿರುಗಿ ನೋಡಿತು. ನನ್ನ ಮಾನ ಮೂರು ಕಾಸಿಗೆ ಹೋಯಿತು. ಆದರೂ ಹಲ್ಲು ಕಚ್ಚಿಕೊಂಡು ಸುಮ್ಮನೆ ನಕ್ಕೆ. ಆ ನಗುವನ್ನು ನೋಡಿ ಕಂಡಕ್ಟರಿಗೆ ಇನ್ನೂ ಗಾಬರಿಯಾಯಿತು. “ಯಾಕೆ ಸಾ, ಮಾತೇ ಆಡಾಕಿಲ್ವಲ್ಲ?” ಎಂದ. ಮಾನ್ಯ ನನ್ನ ಪರವಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: “ತಾತ ಮಾತಾಡಲ್ಲ.”

ಮುಗಿಯಿತು. ಮುಂದಿನ ಸೀಟಿನ ಹೆಂಗಸು ಲೊಚಗುಟ್ಟಿ, “ಪಾಪ, ಲಕ್ವ ಒಡೆದದೆ” ಎಂದು ತೀರ್ಪು ಕೊಟ್ಟಳು. ಒಬ್ಬ ಎದ್ದು ನನಗೆ ಸೀಟು ಬಿಟ್ಟ. ಇನ್ನೊಬ್ಬ, “ಎಣ್ಣೆ ಕಾಯ್ಸಿ ತಿಕ್ಕಿದ್ರೆ ವಾರದಲ್ಲಿ ಬಾಯ್ ಬತ್ತದೆ ಬುಡಿ” ಎಂದ. ಮತ್ತೊಬ್ಬ, “ಎಣ್ಣೆ ಗಿಣ್ಣೆ ಬ್ಯಾಡ ಕಣ್ಲಾ, ನಮ್ಮ ಮಾವುಂಗೆ ನಾಟಿ ಔಷ್ದೀಲೇ ವಾಸಿಯಾಯ್ತು” ಎಂದು ಅವನ ಮೇಲೆ ಬಿದ್ದ. ಊರಿಗೆಲ್ಲ ಸಲಹೆ ಹಂಚಿದ ನನಗೆ ಒಂದೇ ಬಸ್ಸಿನಲ್ಲಿ ಬಡ್ಡಿ ಸಮೇತ ವಾಪಸು ಬಂತು. ಸೀಟು ಬಿಟ್ಟ ಪುಣ್ಯಾತ್ಮ ನನ್ನ ಕಿವಿಯ ಹತ್ತಿರ ಬಗ್ಗಿ, ಕೆಪ್ಪನಿಗೆ ಹೇಳುವಂತೆ, “ಎದರ್ಕೋಬ್ಯಾಡಿ ಯಜಮಾನ್ರೇ!” ಎಂದು ಕೂಗಿದ.

ಇದೆಲ್ಲ ತಡೆದುಕೊಂಡೆ. ತಡೆದುಕೊಳ್ಳಲಾಗದ್ದು ಮಾನ್ಯಳ ಮುಖ. ತುಟಿ ನಡುಗುತ್ತಿತ್ತು, ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ನನ್ನ ಕಡೆ ತಿರುಗಿದಳು. ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಕಾದೆ. ಎಲ್ಲಿ ಇಳಿಯಬೇಕು, ಎಲ್ಲಿ ಬಸ್ಸು ಹಿಡಿಯಬೇಕು, ಎಲ್ಲ ನಾಲಗೆಯ ತುದಿಯಲ್ಲೇ ಇತ್ತು. ಅವಳು ಕೇಳಲಿಲ್ಲ. ಮೂಗು ಒರೆಸಿಕೊಂಡು ಆ ಕಡೆ ತಿರುಗಿದಳು. ಮಗು ಅಳುವಾಗ ಬಾಯಿ ಮುಚ್ಚಿಕೊಂಡು ಕೂರುವುದು ಯಾವ ಸೀಮೆಯ ಶಿಕ್ಷಣವಪ್ಪಾ ಎಂದು ವೀಣಕ್ಕನನ್ನು ಮನಸ್ಸಿನಲ್ಲೇ ಬೈದೆ.

ಮೂವರೂ ತಲೆಗೆ ತಲೆ ಕೊಟ್ಟು ಪಿಸುಗುಟ್ಟಿದರು. ಆಮೇಲೆ ಸಾನಿಯಾ ಎದ್ದು, ಪಂಚೆ ಎತ್ತಿ ಕಟ್ಟಿ ಕೂತಿದ್ದ ಗೌಡರೊಬ್ಬರನ್ನು, “ಇಲ್ಲಿ ಎಲ್ಲಾದ್ರೂ ಕುರಿ ಇದ್ಯಾ? ನಮಗೆ ಬಿಂಡಿಗನವಿಲೆ ಕುರಿ ನೋಡ್ಬೇಕಿತ್ತು” ಎಂದು ಕೇಳಿದಳು. ಗೌಡರು ಬಾಯ್ತುಂಬ ನಕ್ಕರು. “ಬಿಂಡಿಗನವಿಲೆ ಕುರೀನಾ? ಅಲ್ಗೋಗಿ ಏನ್ ಮಾಡೀರವ್ವ? ಅವು ನಮ್ಮ ಕ್ಯಾತನಹಳ್ಳೀಲವೆ! ಗದ್ದೆ ಕುಯ್ಲು ಮುಗೀತಲ್ಲ, ಗೊಬ್ಬರಕ್ಕೆ ಅಂತ ಮಂದೆ ಬುಡುಸ್ಕಂಡಿದೀನಿ. ಬನ್ನಿ ತೋರುಸ್ತೀನಿ.”

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಕುಯ್ಲಾದ ಗದ್ದೆಗೆ ಒಣಸೀಮೆಯ ಕುರಿಗಳನ್ನು ಕರೆಸಿ ಮಂದೆ ಹಾಕಿಸುವುದು ಈ ಕಡೆ ಎಷ್ಟು ಹಳೆಯ ವಾಡಿಕೆ! ನನಗೂ ಗೊತ್ತಿದ್ದದ್ದೇ, ಆ ಹೊತ್ತಿಗೆ ಹೊಳೆದಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಾನು ಬಾಯಿ ಬಿಟ್ಟಿದ್ದರೆ ಮಕ್ಕಳು ಸರಿಯಾದ ಬಸ್ಸಿನಲ್ಲಿ, ಸರಿಯಾದ ಹೊತ್ತಿಗೆ, ಕುರಿಯಿಲ್ಲದ ಊರಿಗೆ ಹೋಗಿ ಇಳಿಯುತ್ತಿದ್ದವು.

ಕ್ಯಾತನಹಳ್ಳಿಯ ಗದ್ದೆಯ ತುಂಬ ಕುರಿ. ಕುರಿಯವನು ಬಿಂಡಿಗನವಿಲೆಯವನೇ, ತನ್ನ ಕುರಿ ನೋಡಲು ಇಸ್ಕೂಲಿನ ಮಕ್ಕಳು ಬಂದಿರುವುದನ್ನು ಕಂಡು ಅವನಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. “ಇವ್ನೇನ್ ನೋಡೀರಿ, ಮೈಯೆಲ್ಲಾ ಕೆಸ್ರಾಗವೆ” ಎನ್ನುತ್ತಲೇ ಒಂದನ್ನು ಕೆಡವಿ, ಕಾಲ ಸಂದಿಯಲ್ಲಿ ಇಟ್ಟುಕೊಂಡು, ದೊಡ್ಡ ಕತ್ತರಿ ಹಿಡಿದು ಉಣ್ಣೆ ಕತ್ತರಿಸಿ ತೋರಿಸಿದ. ಯಶಸ್ ಮರಿಯೊಂದನ್ನು ತಬ್ಬಿಕೊಂಡವನು ಬಿಡಲೇ ಇಲ್ಲ. ಅದು ಅವನ ಅಂಗಿ ಒದ್ದೆ ಮಾಡಿತು. ಯಶಸ್ ನಿಧಾನವಾಗಿ ನೋಡಿಕೊಂಡು, “ಅಂಗಿ ಒಗೆಯೋ ಅವಕಾಶ” ಎಂದ. ಕುರಿಯವನು ಕತ್ತರಿ ಹಿಡಿದ ರೀತಿಯ ಬಗ್ಗೆ ನನಗೆ ಎರಡು ಮಾತು ಹೇಳುವುದಿತ್ತು. ಹೇಳಲಿಲ್ಲ.

ಮಾನ್ಯ ಎರಡು ಕೈ ತುಂಬ ಕರಿ ಉಣ್ಣೆ ಹಿಡಿದುಕೊಂಡು ನನ್ನ ಹತ್ತಿರ ಓಡಿ ಬಂದಳು. ಮುಖ ಅರಳಿತ್ತು. “ತಾತ, ನೀನು ಮಾತಾಡ್ಲೇ ಇಲ್ಲ! ಬಸ್ಸಲ್ಲಿ ಎಲ್ಲರೂ ಹಂಗಂದ್ರೂ ಮಾತಾಡ್ಲಿಲ್ಲ! ಮುಂದಿನ್ ಸಲಾನೂ ನೀನೇ ಬಾ” ಎಂದು ಸೊಂಟ ತಬ್ಬಿಕೊಂಡಳು. ನನ್ನ ಕಣ್ಣು ಒದ್ದೆಯಾಯಿತು. ನೌಕರಿಯಲ್ಲಿ ಹಾರ ಹಾಕಿಸಿಕೊಂಡಾಗಲೂ ಅಷ್ಟು ಹಿಗ್ಗಿರಲಿಲ್ಲ.

ಸಂಜೆ ರಸ್ತೆಗೆ ಬಂದು ನಿಂತೆವು. ಬಸ್ಸೊಂದು ಬಂದು ನಿಂತಿತು; ಇದಕ್ಕೆ ಬೋರ್ಡೇ ಇರಲಿಲ್ಲ. ಮಾನ್ಯ ಹತ್ತಲು ಹೋದವಳು ತಡೆದು, ನನ್ನ ಕಡೆ ತಿರುಗಿ, ದೊಡ್ಡ ಮನಸ್ಸು ಮಾಡಿ, “ತಾತ, ಈ ಬಸ್ಸು ಪಾಂಡವಪುರಕ್ಕೆ ಹೋಗುತ್ತಾ? ನೀನೇ ಹೇಳು” ಎಂದಳು.

ಕೇಳಿಯೇಬಿಟ್ಟಳು! ಬೆಳಗಿನಿಂದ ಕಟ್ಟಿಹಾಕಿದ್ದ ಬಾಯಿ. “ಓಯ್ತದೆ ಕಣವ್ವ, ಓಗ್ದೆ ಏನು! ಇದು ಬೆಳಿಗ್ಗೆ ಕೆ.ಆರ್.ಪೇಟೆಯಿಂದ ಬರೋ ಗಾಡಿ. ಮೊದ್ಲು ಇದು ಶ್ರೀರಂಗಪಟ್ಣಕ್ಕೆ ಓಯ್ತಿತ್ತು, ನಾನೇ ಬರೆದು ಕಳ್ಸಿ ಇಂಗೆ ತಿರುಗ್ಸಿದ್ದು. ಆವಾಗಿನ ಡ್ರೈವರು ಒಬ್ಬ ಇದ್ದ, ಅವನ ಮದ್ವೆ ದಿನವೇ...” ಮಾಂಟೆಸರಿ ಮಕ್ಕಳು, ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಕಲಿತಿದ್ದಾರೆ. ಮೂವರೂ ಕೈಕಟ್ಟಿ, ನನ್ನ ಮುಖ ನೋಡುತ್ತ ಕೇಳುತ್ತಿದ್ದರು. ಕಂಡಕ್ಟರ್ ಒಮ್ಮೆ ನೋಡಿದ, ಎರಡು ಸಲ ಸೀಟಿ ಊದಿದ. ಬಸ್ಸು ಹೊರಟುಹೋಯಿತು.

ಧೂಳು ಇಳಿದ ಮೇಲೆ ಮಾನ್ಯ ಮೆಲ್ಲಗೆ, “ತಾತ, ಹೂಂ ಅಂದಿದ್ರೆ ಸಾಕಿತ್ತು” ಎಂದಳು.

ಆಮೇಲೆ ಮೂವರೂ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು ಉಣ್ಣೆ ಹಂಚಿಕೊಂಡರು. ಮುಂದಿನ ಬಸ್ಸು ಎಷ್ಟು ಹೊತ್ತಿಗೆ, ಯಾವ ಕಡೆಯಿಂದ, ಡ್ರೈವರು ಯಾರು, ಎಲ್ಲವೂ ನನಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ.