ಇಳಿಜಾರಿನಲ್ಲಿ ಇಂಜಿನ್ ಬಂದ್

ಬ್ರೇಕು ಫೇಲಾಗಲಿಲ್ಲ. ನನ್ನ ಮೊಮ್ಮಗಳು ಗಾಬರಿಯಾಗಿ ಕೈ ಬಿಡಲೂ ಇಲ್ಲ, ಯಾಕಂದರೆ ಆಗ ಗಾಡಿ ಹೊಡೆಯುತ್ತಿದ್ದವಳು ಅವಳಲ್ಲ. ಸ್ವಿಟ್ಜರ್ಲೆಂಡಿನ ಘಾಟಿನಲ್ಲಿ ಪೆಟ್ರೋಲ್ ಉಳಿಯಲಿ ಅಂತ ನಮ್ಮ ಮನೆಯವರು ಸ್ಪೋರ್ಟ್ಸ್ ಕಾರಿನ ಇಂಜಿನ್ ಬಂದ್ ಮಾಡಿದರು. ಕಾರು ಹೋಗಿ ಹುಲ್ಲಿನ ದಿಬ್ಬ ಹತ್ತಿ ನಿಂತಿತು. ನಡೆದದ್ದು ಇಷ್ಟು. ಉಳಿದದ್ದೆಲ್ಲ ಅವರು ಹೈದರಾಬಾದಿಗೆ ಬಂದು, ತಾರ್ನಾಕದ ನಮ್ಮ ಪಡಸಾಲೆಯಲ್ಲಿ ಕೂತು ಕಟ್ಟಿದ್ದು.

ನಾನು ನಾಲ್ಕನೇ ಈಯತ್ತೆ ಕಲಿತವಳು. ಕಲಿತವರು ಪರದೇಶ ನೋಡಿ ಬಂದರೆ ಹಿಮದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರಂತೆ. ನನಗೆ ಕಂಡ ಹಿಮ ಒಣಹಾಕಿದ ಧೋತರದ ಹಾಗಿತ್ತು, ಅಂಚು ಸ್ವಲ್ಪ ಮಾಸಿತ್ತು. ಅದಕ್ಕಿಂತ ಹೆಚ್ಚು ನೋಡಲು ನನಗೆ ಜಾಗ ಸಿಗಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಮೊಮ್ಮಗಳು ವೈಜಯಂತಿ, ಮನೆಯಲ್ಲಿ ವೈಜು, ಮಣಿಕೊಂಡದ ಒಂದು ಆಫೀಸಿನಲ್ಲಿ ಇದ್ದಾಳೆ. ಆಫೀಸಿನವರು ಅವಳನ್ನು ಮೂರು ತಿಂಗಳ ಕೆಲಸಕ್ಕೆ ಸ್ವಿಟ್ಜರ್ಲೆಂಡಿಗೆ ಕಳಿಸಿದರು. ಅವಳು ನಮ್ಮಿಬ್ಬರನ್ನೂ ಹತ್ತು ದಿನಕ್ಕೆ ಕರೆಸಿಕೊಂಡಳು. ನಮ್ಮವರು ನಾಚಾರಂನ ಕಾರ್ಖಾನೆಯಲ್ಲಿ ಜನ್ಮವೆಲ್ಲ ಯಂತ್ರದ ಗೇರು ಚಕ್ರ ಕಡೆದವರು. ಸಾಯುವುದರೊಳಗೆ ಒಮ್ಮೆ ಸ್ಪೋರ್ಟ್ಸ್ ಕಾರಿನಲ್ಲಿ ಕೂಡಬೇಕು ಅಂತ ಅವರ ಆಸೆ. ವೈಜು ಒಂದು ದಿನದ ಮಟ್ಟಿಗೆ ಕೆಂಪನೆಯದೊಂದನ್ನು ಬಾಡಿಗೆಗೆ ತಂದಳು.

ಅದು ನೆಲಕ್ಕೆ ಹತ್ತಿ ಮಲಗಿದ ಗಾಡಿ. ಅದರೊಳಗೆ ಹತ್ತುವುದಲ್ಲ, ಬಾವಿಗೆ ಇಳಿದಂತೆ ಇಳಿಯುವುದು. ಮುಂದೆ ಎರಡು ಸೀಟು. ಹಿಂದಿನ ಸೀಟು ಅಂತ ತೋರಿಸಿದ ಜಾಗದಲ್ಲಿ ನಾನು ಒಂದು ಉಪ್ಪಿನಕಾಯಿ ಭರಣಿ ಇಡಲೂ ಯೋಚನೆ ಮಾಡುತ್ತೇನೆ. ಅಲ್ಲಿ ನನ್ನನ್ನು ಅಡ್ಡಡ್ಡ ಇಟ್ಟರು. ಮೊಣಕಾಲು ಗದ್ದಕ್ಕೆ ಹತ್ತಿತ್ತು. ಡಿಕ್ಕಿಯಲ್ಲಿ ಏನೂ ಹಿಡಿಯದ್ದಕ್ಕೆ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಡಬ್ಬಿಯೂ ನನ್ನ ಮಡಿಲಲ್ಲೇ ಕೂತಿತು. ಇಷ್ಟು ಅನುಕೂಲಕ್ಕೆ ಜನ ದುಡಿದು ದುಡಿದು ಅಂಥ ಕಾರು ಕೊಳ್ಳುತ್ತಾರಂತೆ.

ಘಾಟು ಹತ್ತುವಾಗ ವೈಜುನೇ ಹೊಡೆದಳು. ಅವಳ ಕೈ ಭಾಳ ಹದ, ಡಬ್ಬಿಯ ಮುಚ್ಚಳ ಸುದ್ದಾ ಅಲುಗಲಿಲ್ಲ. ಮೇಲೆ ಹೋಗಿ ರೊಟ್ಟಿ ತಿಂದೆವು. ಇಳಿಯುವಾಗ ನಮ್ಮವರು ಗೋಗರೆಯಲು ಸುರು ಮಾಡಿದರು. "ಅಜ್ಜಾ, ಐದು ನಿಮಿಷ ಅಷ್ಟ" ಅಂತ ಹೇಳಿ ಅವಳು ಸೀಟು ಬಿಟ್ಟು ಬಾಜೂಕ್ಕೆ ಕೂತಳು.

ಇಲ್ಲಿ ನಿಮಗೆ ಮೆಟ್ಟುಗುಡದ ಇಳಿಜಾರಿನ ಬಗ್ಗೆ ಹೇಳಬೇಕು. ಸ್ಕೂಟರ್ ಇದ್ದಷ್ಟು ವರ್ಷ ಸಿಕಂದರಾಬಾದಿಗೆ ಹೋಗುವಾಗ ಆ ಇಳಿಜಾರು ಬಂತೆಂದರೆ ನಮ್ಮವರು ಇಂಜಿನ್ ಬಂದ್ ಮಾಡುತ್ತಿದ್ದರು. ಗಾಡಿ ಸದ್ದಿಲ್ಲದೆ ಜಾರುತ್ತಿತ್ತು. ಆಟೋದವರು ಪಕ್ಕಕ್ಕೆ ಬಂದು "ಕ್ಯಾ ಹುವಾ ಚಚ್ಚಾ, ಗಾಡಿ ಬಂದ್ ಪಡ್ ಗಯಿ?" ಅಂತ, ಗಾಡಿ ಕೆಟ್ಟಿತೇನೋ ಅಂತ ಮರುಗಿ ಕೇಳುತ್ತಿದ್ದರು. ಇವರು "ಫಿಕರ್ ನಕ್ಕೋ ಕರೋ, ಉತಾರ್ ಹೈ" ಅಂತ, ಚಿಂತೆ ಬೇಡ ಇದು ಇಳಿಜಾರು ಅಂತ ಗಂಭೀರವಾಗಿ ಹೇಳಿ ಜಾರಿಕೊಂಡು ಹೋಗುತ್ತಿದ್ದರು. ಹಾಗೆ ಉಳಿದ ಪೆಟ್ರೋಲ್ ಎಲ್ಲಿ ಹೋಯಿತೋ ನಾನು ಇವತ್ತಿನವರೆಗೂ ನೋಡಿಲ್ಲ.

ಆ ಘಾಟಿನಲ್ಲಿ ಎರಡನೇ ತಿರುವು ಮುಗಿಯಿತು. ಇವರು ನ್ಯೂಟ್ರಲ್‌ಗೆ ಹಾಕಿ ಕೀಲಿ ತಿರುಗಿಸಿದರು. ಅಷ್ಟು ಹೊತ್ತು ಗುರ್ರೆನ್ನುತ್ತಿದ್ದ ಕಾರು ಗಪ್ ಆಯಿತು. ಹೊರಗೆ ದನದ ಕೊರಳ ಗಂಟೆ ಕೇಳಿಸಿತು.

"ನೋಡು ವೈಜು, ತಾನ ಹ್ಯಾಂಗ ಓಡಾಕತ್ತೈತಿ" ಅಂದರು.

"ಅಜ್ಜಾ, ಚಾಲೂ ಮಾಡ್ರಿ. ಬ್ರೇಕ್ ಬಿಗೀತಾವ."

"ಬಿಗದಾವ" ಅಂದರು ಇವರು, ಸ್ವಲ್ಪ ಹೊತ್ತಿನ ಮೇಲೆ. "ಸ್ಟೇರಿಂಗೂ ತಿರಗವಲ್ದು."

ವೈಜು ಹ್ಯಾಂಡ್ ಬ್ರೇಕ್ ಎಳೆದಳು, ಇನ್ನೊಂದು ಕೈಯಿಂದ ಸ್ಟೇರಿಂಗನ್ನು ಗುಡ್ಡದ ಕಡೆ ಜಗ್ಗಿದಳು. ಅದಕ್ಕೇ ನಾನು ಇದನ್ನು ಬರೆಯಲು ಉಳಿದಿದ್ದೇನೆ. ಕಾರಿಗೆ ಒಂದು ಗೀರು ಬೀಳಲಿಲ್ಲ. ಅಲ್ಲಿಯ ರೈತನೊಬ್ಬ ಟ್ರ್ಯಾಕ್ಟರ್ ತಂದು ಎಳೆದು, ಏನೋ ಕೇಳಿದ. "ಇಂಜಿನ್ ಯಾಕ ಬಂದ್ ಮಾಡಿದ್ರಿ ಅಂತ ಕೇಳಾಕತ್ತಾನ" ಅಂದಳು ವೈಜು. "ಹೈದರಾಬಾದಿನವರು ಅಂತ ಹೇಳು" ಅಂದರು ನಮ್ಮವರು.

ನಾವಿಬ್ಬರು ಮೊದಲು ಊರಿಗೆ ಬಂದೆವು. ನಮ್ಮ ಕಡೆಯ ನಾಲ್ಕು ಮಂದಿ ಅವಲಕ್ಕಿ-ಚಹಾಕ್ಕೆ ಬಂದರು. ಆಗಲೇ ನಮ್ಮವರ ಬಾಯಲ್ಲಿ ಬ್ರೇಕು ಫೇಲಾಗಿದ್ದು, ಹುಡುಗಿ ಕೈ ಬಿಟ್ಟಿದ್ದು, ಇವರು ಬಾಜೂಕ್ಕೆ ಕೂತು ಮೂರು ಜೀವ ಉಳಿಸಿದ್ದು. ಮುಂದಿನ ವಾರದ ಹೊತ್ತಿಗೆ ಹುಲ್ಲಿನ ದಿಬ್ಬ ಹೋಗಿ ಪ್ರಪಾತ ಬಂದಿತ್ತು. ನಾನು ಅವಲಕ್ಕಿ ಬಡಿಸುತ್ತಿದ್ದೆ.

ವೈಜು ವಾಪಸು ಬಂದ ಭಾನುವಾರ ಊಟಕ್ಕೆ ಕೂತಾಗ ನನ್ನ ಮಗ, ಅವಳಪ್ಪ ಪ್ರಲ್ಹಾದ, ಆಫೀಸಿಗೆ ಒಯ್ಯಲು ಅವಳಿಗೆ ಕೊಡುತ್ತೇನೆಂದಿದ್ದ ಕಾರಿನ ಕೀಲಿ ತನ್ನ ಕಿಸೆಗೆ ಹಾಕಿಕೊಂಡ. "ನಿನ್ನ ಡ್ರೈವಿಂಗ್ ಸುದ್ದಿ ಎಲ್ಲಾರೂ ಹೇಳಾಕತ್ತಾರ. ನಾಳಿಂದ ಬಸ್ಸಿನ್ಯಾಗ ಹೋಗು" ಅಂದ. ತಾರ್ನಾಕದಿಂದ ಮಣಿಕೊಂಡಕ್ಕೆ ಬಸ್ಸು ಬದಲಿಸಿ ಹೋಗುವವಳ ಅರ್ಧ ಆಯುಷ್ಯ ರಸ್ತೆಯಲ್ಲೇ ಮುಗಿಯುತ್ತದೆ. ವೈಜು ಅಜ್ಜನ ಮುಖ ನೋಡಿದಳು. ಅಜ್ಜನಿಗೆ ಆವತ್ತು ಬದನೆಕಾಯಿ ಪಲ್ಯ ಭಾಳ ರುಚಿಯಾಗಿತ್ತು, ತಲೆ ಎತ್ತಲಿಲ್ಲ.

ನಾನು ಸೌಟು ಕೆಳಗಿಟ್ಟು ಎಲ್ಲ ಹೇಳಿದೆ. ಕೀಲಿ, ನ್ಯೂಟ್ರಲ್, ಟ್ರ್ಯಾಕ್ಟರ್, ಹ್ಯಾಂಡ್ ಬ್ರೇಕ್ ಎಳೆದ ಕೈ ಯಾರದು, ಒಂದೂ ಬಿಡಲಿಲ್ಲ.

ಈಗ ನಮ್ಮವರು ತಲೆ ಎತ್ತಿದರು. "ಹೇಳೋದಾದ್ರ ಪೂರಾ ಹೇಳು. ಹಿಂದ ಕೂತು ನನ್ನ ಭುಜಾ ತಟ್ಟಿ 'ಉತಾರ ಬಂತು, ಬಂದ್ ಮಾಡ್ರಿ' ಅಂದಾಕಿ ಯಾರು?"

ನಾನೇ. ಮೆಟ್ಟುಗುಡದಲ್ಲೂ ಪ್ರತಿ ಸಲ ಭುಜ ತಟ್ಟುತ್ತಿದ್ದವಳು ನಾನೇ. ಇವರಿಗೆ ನೆನಪಾಗದಿದ್ದರೆ ಅಂತ. ಅಲ್ಲಿಯೂ ಆ ಗೂಡಿನೊಳಗಿಂದ ನನ್ನ ಕೈ ತಾನಾಗಿ ಹೊರಗೆ ಬಂದಿತ್ತು. ಇಷ್ಟು ವಾರ ನನ್ನ ಬಾಯಿ ಮುಚ್ಚಿದ್ದು ಗಂಡನ ಮೇಲಿನ ಭಕ್ತಿಯಿಂದ ಅಂತ ಯಾರಾದರೂ ತಿಳಿದಿದ್ದರೆ ಅದನ್ನು ಅವರು ಮರೆಯುವುದು ಒಳ್ಳೆಯದು.

ಪ್ರಲ್ಹಾದ ನಮ್ಮಿಬ್ಬರನ್ನೂ ನೋಡಿದ. "ನೋಡೋಣ" ಅಂದ. ನಮ್ಮ ಮನೆಯಲ್ಲಿ ಹಾಗಂದರೆ ಇಲ್ಲ ಅಂತ ಅರ್ಥ. ಕೀಲಿ ಕಿಸೆಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಗೂಟಕ್ಕಿದ್ದ ಪ್ಯಾಂಟಿನಿಂದ ಕೀಲಿ ತೆಗೆದೆ. ವೈಜು ಕೈಗೆ ಕೊಟ್ಟು ಮುಂದಿನ ಸೀಟಿನಲ್ಲಿ ಕೂತೆ. "ನೀ ಎಲ್ಲಿಗಜ್ಜಿ?" ಅಂದಳು. "ನೀ ಹ್ಯಾಂಗ ಹೊಡೀತಿ ಅಂತ ನಿಮ್ಮಪ್ಪಗ ಸಾಕ್ಷಿ ಬೇಕಲ್ಲ. ನಡಿ" ಅಂದೆ. ಮಣಿಕೊಂಡದ ತನಕ ಎರಡೂ ಕೈ ಮಡಿಲಲ್ಲಿ ಬಿಗಿಯಾಗಿ ಇಟ್ಟುಕೊಂಡು ಕೂತಿದ್ದೆ. ಅವಳಿಗೆ ಭಯಪಟ್ಟಲ್ಲ, ನನ್ನ ಕೈಗೆ.

ಹೋಗುವುದನ್ನಷ್ಟೇ ಯೋಚಿಸಿದ್ದೆ, ಒಬ್ಬಳೇ ತಿರುಗಿ ಬರುವುದನ್ನಲ್ಲ. ಸಂಜೆ ಅವಳ ಕೆಲಸ ಮುಗಿಯುವ ತನಕ ಅವರ ಆಫೀಸಿನ ಸೋಫಾದಲ್ಲೇ ಕೂಡುವುದಾಯಿತು. ಬಾಗಿಲಲ್ಲಿ ಕಾವಲಿನವನು "ಎಂದುಕು ವಚ್ಚಾರಮ್ಮಾ?" ಅಂತ ತೆಲುಗಿನಲ್ಲಿ, ಯಾಕೆ ಬಂದಿರಿ ಅಂತ ಕೇಳಿ ರಿಜಿಸ್ಟರ್ ಮುಂದೆ ಇಟ್ಟ. ಬಂದ ಕಾರಣ ಬರೆಯುವ ಜಾಗದಲ್ಲಿ ಕನ್ನಡದಲ್ಲಿ, ನನ್ನ ನಾಲ್ಕನೇ ಈಯತ್ತೆಯ ದಪ್ಪ ಅಕ್ಷರದಲ್ಲಿ, "ಬಾಯಿ ಬಿಡಲು ತಡ ಮಾಡಿದ್ದಕ್ಕೆ" ಅಂತ ಬರೆದೆ. ಅವನಿಗೆ ಕನ್ನಡ ಬರುವುದಿಲ್ಲ. ತಲೆಯಾಡಿಸಿ ಪಾಸು ಕೊಟ್ಟ.