ರಾಗಿ ಕಣಕ್ಕೆ ಬಂದ ಸೇಫ್ಟಿ ಶೂ

ಅಂಜಮ್ಮ ರಾಗಿ ಒಕ್ಕಣೆ ಮಾಡಿದ್ದು ತಪ್ಪಲ್ಲ. ಅದಕ್ಕೆ ಆರಿಸಿಕೊಂಡ ಜಾಗವೂ ದಿನವೂ ತಪ್ಪಾಗಿದ್ದವು. ಜಾಗ, ಹೊಸೂರು ಕಡೆಯ ಉದ್ದನಪಲ್ಲಿಯ ಹೊರಗೆ ಕಂಪನಿಯೊಂದು ಅರ್ಧಕ್ಕೆ ನಿಲ್ಲಿಸಿದ್ದ ಅಪಾರ್ಟ್‌ಮೆಂಟಿನ ಕಾಂಕ್ರೀಟು ನೆಲ. ದಿನ, ಆ ಕಂಪನಿಯ ಮುಖ್ಯ ಕಚೇರಿಯಿಂದ ವಾರ್ಷಿಕ ಗುರಿಗಳ ತಪಾಸಣೆಗೆ ಅಧಿಕಾರಿ ಬರಬೇಕಾಗಿದ್ದ ದಿನ.

ಬೆಳಿಗ್ಗೆ ತಗಡಿನ ಶೆಡ್ಡಿನಿಂದ ಹಲ್ಲುಜ್ಜುತ್ತ ಹೊರಗೆ ಬಂದ ಸೈಟ್ ಸೂಪರ್‌ವೈಸರ್ ಮಾದೇಶ್, ಕಾರುಗಳು ನಿಲ್ಲಬೇಕಾಗಿದ್ದ ನೆಲದ ತುಂಬ ರಾಗಿ ತೆನೆ ಹರಡಿರುವುದನ್ನೂ ಅದರ ಮೇಲೆ ಟ್ರ್ಯಾಕ್ಟರು ಸುತ್ತು ಹಾಕುತ್ತಿರುವುದನ್ನೂ ಕಂಡು ಬ್ರಶ್ಶನ್ನು ಬಾಯಲ್ಲೇ ಮರೆತ.

“ಅಂಜಮ್ಮಕ್ಕಾ! ಇವತ್ತೇ ಹಾಕ್ಬೇಕಾಗಿತ್ತಾ? ಆಫೀಸ್ನೋರು ಬತ್ತಾವ್ರೆ!”

“ಬರ್ಲಿ ಬಿಡು, ಮುದ್ದೆ ಇಕ್ತೀನಿ” ಎಂದಳು ಅಂಜಮ್ಮ. ಸೈಟಿನ ಬೇಲಿಗೆ ಅಂಟಿಕೊಂಡೇ ಅವಳ ಹೊಲವಿತ್ತು. ಬೇಲಿ ಎಲ್ಲಿದೆ ಎಂಬ ವಿಷಯದಲ್ಲಿ ಅವಳಿಗೂ ಅವಳ ಮೇಕೆಗಳಿಗೂ ಒಂದೇ ಅಭಿಪ್ರಾಯವಿತ್ತು: ಬೇಲಿ ಇಲ್ಲ.

“ಮುದ್ದೆ ತಿನ್ನಾಕಲ್ಲಕ್ಕಾ, ಮಾರ್ಕು ಹಾಕೋಕೆ ಬತ್ತಾವ್ರೆ. ದಮ್ಮಯ್ಯ, ಎತ್ತಿಸ್ಬುಡು.”

“ಎತ್ತಾದಾ? ರಾಶಿ ಕಟ್ಟಿ ಪೂಜೆ ಆಗೋಗಂಟ ಕಣದಿಂದ ಒಂದು ಕಾಳೂ ಆಚೆ ಹೋಗಂಗಿಲ್ಲ. ನಿಮ್ಮ ಕಂಪ್ನಿ ಎರಡು ವರ್ಸದಿಂದ ಒಂದು ಇಟ್ಟಿಗೆ ಎತ್ತಿಲ್ಲ. ನಾನು ಒಂದು ಬೆಳಗ್ಗೆಗೆ ಇಷ್ಟೂ ಎತ್ತಬೇಕಾ?”

ಕಂಪನಿ ಇಟ್ಟಿಗೆ ಎತ್ತದಿದ್ದುದಕ್ಕೆ ಕಾರಣಗಳಿದ್ದವು. ಉಕ್ಕಿನ ಬೆಲೆ ಏರಿತ್ತು, ಬಡ್ಡಿ ಏರಿತ್ತು, ಮನೆ ಕೊಳ್ಳುವವರ ಉತ್ಸಾಹ ಇಳಿದಿತ್ತು. ಕಂಪನಿ ಹಲವು ಸೈಟುಗಳಲ್ಲಿ ಕೆಲಸ ನಿಲ್ಲಿಸಿತು. ಈ ವರ್ಷ ಚೇರ್ಮನ್ನರು ಸುತ್ತೋಲೆ ಕಳುಹಿಸಿ, ನಿಂತ ಸೈಟುಗಳಲ್ಲಿ ಒಂದೇ ಒಂದನ್ನು ಮತ್ತೆ ಆರಂಭಿಸುವುದಾಗಿಯೂ, ಪರಿಸರ ಮತ್ತು ಸುಸ್ಥಿರತೆಯ ಗುರಿಗಳಲ್ಲಿ ಅತಿ ಹೆಚ್ಚು ಅಂಕ ಪಡೆದ ಸೈಟಿಗೇ ಆ ಭಾಗ್ಯವೆಂದೂ ತಿಳಿಸಿದ್ದರು. ನೀರು, ಡೀಸೆಲು, ಅಪಘಾತ, ಹಸಿರು, ಕೊನೆಗೆ ನೆರೆಹೊರೆಯವರ ಸದಭಿಪ್ರಾಯ, ಎಲ್ಲಕ್ಕೂ ಅಂಕವಿತ್ತು.

ಮಾದೇಶನಿಗೆ ಆ ಅಂಕಗಳು ಬೇಕೇ ಬೇಕಾಗಿದ್ದವು. ಅವನು ಅಡಿಪಾಯದ ಮನುಷ್ಯ. ತಲೆಯ ಅರ್ಧ ನರೆಯುವವರೆಗೂ ಅವನು ಮಾಡಿದ್ದು ಒಂದೇ ಕೆಲಸ: ಗುಂಡಿ ತೋಡಿಸುವುದು, ಕಂಬ ಎಬ್ಬಿಸುವುದು, ಮೊದಲ ಛಾವಣಿ ಹಾಕಿಸುವುದು. ಅಷ್ಟು ಮುಗಿಯುತ್ತಲೇ ಕಂಪನಿ ಅವನನ್ನು ಮುಂದಿನ ಗುಂಡಿಗೆ ಕಳುಹಿಸುತ್ತಿತ್ತು. ಬಣ್ಣ ಬಳಿಸಿದವರು ಬೇರೆ, ಗೃಹಪ್ರವೇಶದ ಊಟ ಉಂಡವರು ಬೇರೆ. ತಾನು ಆರಂಭಿಸಿದ ಒಂದು ಮನೆಯಲ್ಲಾದರೂ ಜನ ವಾಸವಾಗಿರುವುದನ್ನು ಅವನು ಕಂಡಿರಲಿಲ್ಲ. ಡೆಂಕಣಿಕೋಟೆಯಲ್ಲಿದ್ದ ಹೆಂಡತಿ ನಾಗಲಕ್ಷ್ಮಿ, ನೋಡಲು ಬಾ ಎಂದು ಕರೆದಾಗಲೆಲ್ಲ, “ಬಿಲ್ಡಿಂಗ್ ಮುಗುದ್ರೆ ಹೇಳಿ, ಬತ್ತೀನಿ. ಗುಂಡಿ ನೋಡೋಕೆ ನಮ್ಮೂರಲ್ಲೇ ಬೇಕಾದಷ್ಟವೆ” ಎನ್ನುತ್ತಿದ್ದಳು.

ಅವನ ಆಸೆ ದೊಡ್ಡದಲ್ಲ. ತಾನು ಕಟ್ಟಿದ ಮನೆಯೊಂದರ ಬಾಲ್ಕನಿಯಲ್ಲಿ ಯಾರದಾದರೂ ಒಂದು ಸೀರೆ ಒಣಗುತ್ತಿರಬೇಕು, ಅದನ್ನು ತಾನು ರಸ್ತೆಯಲ್ಲಿ ನಿಂತು ನೋಡಬೇಕು. ಸಂಜೆ ಹೊತ್ತು ಅವನು ರಸ್ತೆಯಂಚಿಗೆ ಹೋಗಿ ಮೂರನೆಯ ಮಹಡಿ ಬರಬೇಕಾಗಿದ್ದ ಎತ್ತರಕ್ಕೆ ಕತ್ತೆತ್ತುತ್ತಿದ್ದ. ಅಲ್ಲಿ ಆಕಾಶವಿರುತ್ತಿತ್ತು. ಕೆಳಗೆ ಒಂದೇ ಮಹಡಿಯ ಕಟ್ಟಡವೂ ಅದರ ತಲೆಯ ಮೇಲೆ ಎಣ್ಣೆ ಕಾಣದ ಕೂದಲಿನಂತೆ ನೆಟ್ಟಗೆ ನಿಂತ ತುಕ್ಕುಕಂಬಿಗಳೂ ಇರುತ್ತಿದ್ದವು. “ಕೊನೆಯ ಬಣ್ಣದವರೆಗೂ ಇಲ್ಲೇ ಇರುತ್ತೇನೆ, ಬೇರೆ ಕಡೆ ಕಳುಹಿಸಬೇಡಿ” ಎಂದು ಅವನು ಕಚೇರಿಯಲ್ಲಿ ಕೈಮುಗಿದು ಕೇಳಿಕೊಂಡಿದ್ದ.

ಬ್ರಶ್ಶು ಬಾಯಿಂದ ಹೊರಬರುವ ಮೊದಲೇ ಫೋನು ಬಂತು. ಕೃಷ್ಣಗಿರಿ ರಸ್ತೆಯ ಸೈಟಿನ ಸೂಪರ್‌ವೈಸರ್ ಮುತ್ತರಾಯಪ್ಪ. ಅವನ ಕೆಲಸವೂ ನಿಂತಿತ್ತು. ನಿಂತಿದ್ದಕ್ಕೆ ಅವನಿಗೆ ಬೇಸರವಿರಲಿಲ್ಲ.

“ಏನ್ಲಾ ಮಾದೇಸ, ಎದ್ದಾ? ನಾನಿನ್ನೂ ಎದ್ದಿಲ್ಲ.”

“ನಿನ್ನೆ ನಿನ್ ಸೈಟಿಗೆ ಬಂದಿದ್ರಲ್ಲ, ಏನಾಯ್ತು?”

“ಏನಾಗ್ತದೆ? ಗಿಡ ಎಲ್ಲಿ ಅಂದ್ರು. ಒಲೆಗೆ ಹೋಯ್ತು ಅಂದೆ. ನೀರು, ಡೀಸೆಲ್ ಲೆಕ್ಕದ ಪುಸ್ತಕ ಎಲ್ಲಿ ಅಂದ್ರೆ, ಅದೂ ಒಲೆಗೇ ಅಂದೆ. ಹೆಲ್ಮೆಟ್ ಎಲ್ಲಿ ಅಂದ್ರು. ಅದ್ರಾಗೆ ಕೋಳಿ ಕಾವು ಕೂತೈತೆ ಅಂದೆ. ಸೊನ್ನೆ ಹಾಕ್ಬುಟ್ಟು ಹೋದ್ರು. ನೀನು ತಲೆ ಕೆಡಿಸ್ಕೊಬ್ಯಾಡ ಕಣ್ಲಾ, ಮಲೀಕೋ.”

ಮಾದೇಶನಿಗೆ ಗೆಳೆಯನಿಗಾಗಿ ದುಃಖವಾಯಿತು. ದುಃಖಕ್ಕಿಂತ ಸಂತೋಷ ಸ್ವಲ್ಪ ಹೆಚ್ಚಾಯಿತು.

ಟ್ರ್ಯಾಕ್ಟರು ಹೋಯಿತು. ಹುಲ್ಲನ್ನು ಒಂದು ಕಡೆ ಮೆದೆ ಹಾಕಿ, ನಡುವೆ ಹಳೆಯ ಸೀರೆ ಹಾಸಿ ರಾಗಿಯನ್ನು ಗುಡ್ಡೆ ಮಾಡಿ, ಅಂಜಮ್ಮ ಮೊರ ಎತ್ತಿ ತೂರತೊಡಗಿದಳು. ಅದೇ ಗಳಿಗೆಯಲ್ಲಿ ಗಾಳಿಯ ದಿಕ್ಕಿಗೇ ಕಂಪನಿಯ ಬಿಳಿಯ ಕಾರು ಬಂದು ನಿಂತಿತು. ಸುಸ್ಥಿರತೆಯ ಅಧಿಕಾರಿ ಸಿಂಧು ಬಾಗಿಲು ತೆರೆಯುವಷ್ಟರಲ್ಲಿ ಕಾರು ರಾಗಿ ಹೊಟ್ಟಿನಿಂದ ಕಂದು ಬಣ್ಣಕ್ಕೆ ತಿರುಗಿತ್ತು. ಹಳದಿ ಜಾಕೀಟು, ತಲೆಗೆ ಹೆಲ್ಮೆಟ್ಟು, ಕಾಲಿಗೆ ಕಬ್ಬಿಣದ ಮೂತಿಯ ಸೇಫ್ಟಿ ಶೂ ತೊಟ್ಟಿದ್ದ ಹುಡುಗಿ ಮೂರು ಸಲ ಸೀನಿ, “ಇದು ಏನು ಸಾರ್?” ಎಂದಳು.

“ಸಮುದಾಯ ಮೇಡಮ್” ಎಂದ ಮಾದೇಶ್. ಸುತ್ತೋಲೆಯಲ್ಲಿ ಅವನಿಗೆ ನೆನಪಿದ್ದ ಪದ ಅದೊಂದೇ.

“ಓ, ಸೂಪರ್! ಗಿಡ ಎಲ್ಲಿವೆ? ಮೊದಲು ಅದನ್ನೇ ನೋಡೋಣ.”

ಗಿಡಗಳು ಕಣದ ಆಚೆ ಬದಿಯಲ್ಲಿದ್ದವು. ಎರಡು ಪಕ್ಕದಲ್ಲೂ ಅಡಿಪಾಯಕ್ಕೆ ತೋಡಿದ ಗುಂಡಿಗಳಿದ್ದುದರಿಂದ ಕಣದ ಮೇಲೆಯೇ ಹಾದು ಹೋಗಬೇಕಾಗಿತ್ತು. ಸಿಂಧು ಒಂದು ಹೆಜ್ಜೆ ಮುಂದಿಟ್ಟಳು.

“ಏ ತಾಯಿ, ನಿಲ್ಲು! ರಾಶಿ ಇರೋ ಕಣಕ್ಕೆ ಮೆಟ್ಟು ಹಾಕ್ಕೊಂಡು ಬರಂಗಿಲ್ಲ. ಬಿಚ್ಚು.”

“ಅಯ್ಯೋ ಅಜ್ಜಿ, ಸೈಟಲ್ಲಿ ಕಂಪನಿಯವರು ಯಾರೂ ಶೂ ಬಿಚ್ಚೋ ಹಾಗಿಲ್ಲ. ಬಿಚ್ಚಿದ್ರೆ ಸೇಫ್ಟೀಲಿ ಇವರಿಗೇ ಮಾರ್ಕ್ಸ್ ಕಟ್ ಆಗುತ್ತೆ.”

“ಬಿಚ್ದೇ ಬಂದ್ರೆ ನಮ್ಮ ಸಾವಾಸ ಕಟ್ ಆಗ್ತದೆ. ಅದಕ್ಕೂ ಮಾರ್ಕಂತಲ್ಲ, ಕೇಳು ಅವನ್ನ.”

ಮಾದೇಶ್ ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದ. ಶೂ ಬಿಚ್ಚಿದರೆ ಸುರಕ್ಷತೆ ಹೋಗುತ್ತದೆ, ಬಿಚ್ಚದಿದ್ದರೆ ನೆರೆಹೊರೆ ಹೋಗುತ್ತದೆ. ಯಾವ ದಾರಿಯಲ್ಲಿ ಹೋದರೂ ಮೂರನೆಯ ಮಹಡಿಯ ಸೀರೆ ಹೋಗುತ್ತದೆ.

ಆಗ ಮೆದೆಯ ನೆರಳಿನಿಂದ ಅಶ್ವತ್ಥಪ್ಪ ಎದ್ದ. ಹೊಸೂರಿನ ಫ್ಯಾಕ್ಟರಿಯೊಂದರ ಗೇಟಿನಲ್ಲಿ ಸೆಕ್ಯುರಿಟಿಯಾಗಿದ್ದು ನಿವೃತ್ತನಾದ ಮೇಲೆ ಅವನು ಯಾರೂ ಕೇಳದ ಸಲಹೆಗಳನ್ನು ಊರಿಗೆ ಪುಕ್ಕಟೆಯಾಗಿ ಒದಗಿಸುತ್ತಿದ್ದ.

“ನಾನು ಫ್ಯಾಕ್ಟ್ರೀಲಿ ಇಂಥ ಆಡಿಟ್ ಎಷ್ಟು ನೋಡಿಲ್ಲ! ಸುಲಭ ಐತೆ. ಮೆಟ್ಟು ಕಣಕ್ಕೆ ಸೋಕಬಾರ್ದು, ಅಷ್ಟೇ ತಾನೇ? ಶೂ ಕಾಲಲ್ಲೇ ಇರ್ಲಿ. ಕಾಲು ಗಾಡೀಲಿರ್ಲಿ.”

ಗಾಡಿ ಎಂದರೆ ಸಿಮೆಂಟು ಕಲಸು ಸಾಗಿಸುವ ಒಂಟಿಚಕ್ರದ ಕೈಗಾಡಿ. ಎರಡು ವರ್ಷದಿಂದ ಅದರಲ್ಲಿ ಕೋಳಿಗಳು ಮಲಗುತ್ತಿದ್ದವು. ಕೋಳಿಗಳನ್ನು ಎಬ್ಬಿಸಿ, ಗೋಣಿ ಹಾಸಿ, ಅಧಿಕಾರಿಯನ್ನು ಕೂರಿಸಲಾಯಿತು. ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಮಂಡಿ ಮಡಚಿ, ಗಾಡಿಯ ಎರಡು ಅಂಚು ಹಿಡಿದು ಕುಳಿತ ಆಕೆ ಸಂತೆಗೆ ಹೊರಟ ಕುಂಬಳಕಾಯಿಯಂತೆ ಕಂಡಳು.

“ತಳ್ಳೋ ಮಾದೇಸ” ಎಂದ ಅಶ್ವತ್ಥಪ್ಪ.

“ಅವನೂ ಶೂನಾಗವ್ನೆ. ಅವನೂ ಬರಂಗಿಲ್ಲ” ಎಂದಳು ಅಂಜಮ್ಮ. “ಬರಿಗಾಲಲ್ಲಿರೋದು ನೀನೇ. ಯೋಳಿದ್ದು ನೀನೇ. ನೀನೇ ತಳ್ಳು.”

ಸಲಹೆ ಕೊಟ್ಟ ಬಾಯಿಗೆ ಸಲಹೆಯೇ ಬಂದು ಬಡಿದಿತ್ತು. ಅಶ್ವತ್ಥಪ್ಪ ಪಂಚೆ ಎತ್ತಿ ಕಟ್ಟಿ ಗಾಡಿಯ ಹಿಡಿಗಳನ್ನು ಹಿಡಿದ. ಮಾದೇಶ್ ಕಣದ ಅಂಚಿನಲ್ಲಿ ಎರಡೂ ಕೈ ಚಾಚಿಕೊಂಡು, ಮಗು ನಡೆಯಲು ಕಲಿಯುವಾಗ ತಾಯಿ ಓಡುವಂತೆ ಓಡಿದ. ಅರ್ಧ ದಾರಿ ಸರಾಗವಾಗಿ ಸಾಗಿತು. ಮುಂದೆ ನುಣುಪು ಕಾಂಕ್ರೀಟಿನ ಮೇಲೆ ಚೆಲ್ಲಿದ ರಾಗಿ ಸಿಕ್ಕಿತು. ಮುದುಕನ ಕಾಲು ಹಿಂದಕ್ಕೆ ಜಾರಿತು, ಗಾಡಿ ಮುಂದಕ್ಕೆ ಜಾರಿತು. ಅಶ್ವತ್ಥಪ್ಪನಿಲ್ಲದೆಯೇ ಗಾಡಿ ಇನ್ನಷ್ಟು ವೇಗವಾಗಿ ಓಡಿ, ಅಧಿಕಾರಿಯನ್ನು ಹುಲ್ಲಿನ ಮೆದೆಯೊಳಗೆ ಸುರಿದು ನಿಂತಿತು. ಹೊರಗೆ ಉಳಿದದ್ದು ಎರಡು ಸೇಫ್ಟಿ ಶೂ, ಅವೂ ನೆಲಕ್ಕೆ ಸೋಕದಂತೆ ಆಕಾಶದ ಕಡೆಗೆ.

“ಮೇಡಮ್!” ಎಂದು ಮಾದೇಶ್ ಎಲ್ಲ ಮರೆತು ಶೂ ಕಾಲಲ್ಲೇ ಕಣಕ್ಕೆ ಹಾರಿದ. ರಾಗಿ ಅವನನ್ನೂ ಬಿಡಲಿಲ್ಲ. ಅವನು ರಾಶಿಯ ಮುಂದೆ ಉದ್ದಕ್ಕೆ ಬಿದ್ದ. ಮೊಣಕೈ ಕಾಂಕ್ರೀಟಿಗೆ ತಾಗಿದ ಶಬ್ದ ಎಲ್ಲರಿಗೂ ಕೇಳಿಸಿತು.

ಸಿಂಧು ಹುಲ್ಲಿನಿಂದ ತಲೆ ಹೊರಗೆ ಹಾಕಿದಳು. “ನನಗೇನೂ ಆಗಿಲ್ಲ, ಮೆತ್ತಗಿದೆ. ಆದರೆ ಸಾರ್, ನೀವು ಬಿದ್ರಲ್ಲ! ಆ್ಯಕ್ಸಿಡೆಂಟಾ?”

ಅಂಜಮ್ಮ ಕಸಬರಿಕೆ ಎತ್ತಿಕೊಂಡು ಬಂದವಳು, ನೆಲದ ಮೇಲಿದ್ದ ಮಾದೇಶನ ಮುಖವನ್ನು ಒಮ್ಮೆ ನೋಡಿದಳು. ಕಸಬರಿಕೆ ಕೆಳಗಿಳಿಯಿತು.

“ಬಿದ್ದಿದ್ದಲ್ಲಮ್ಮ. ಶೂ ತಂದ ತಪ್ಪಿಗೆ ರಾಶಿಗೆ ಉದ್ದಂಡ ನಮಸ್ಕಾರ ಹಾಕ್ದ. ನಮ್ಮ ಕಡೆ ಪದ್ಧತಿ.”

“ಹೂಂ, ಪದ್ಧತಿ” ಎಂದ ಮಾದೇಶ್ ಹಲ್ಲು ಕಚ್ಚಿ, ಏಳದೆ ಕೈಮುಗಿದು.

ಸಿಂಧು ಭಕ್ತಿಯಿಂದ ಹುಲ್ಲಿನೊಳಗಿನಿಂದಲೇ ಕೈಮುಗಿದಳು. ಆಕೆ ಬಿದ್ದ ಜಾಗದಿಂದ ಗಿಡಗಳು ಕಾಣುತ್ತಿದ್ದವು. ಕಂಪನಿ ನೆಡಿಸಿದ ಸಸಿಗಳನ್ನು ಮೇಕೆಗಳು ಎಂದೋ ಮುಗಿಸಿದ್ದವು. ಸಸಿಗಳ ಆಸರೆಗೆ ನೆಟ್ಟು ಉಳಿದಿದ್ದ ಕೋಲುಗಳಿಗೆ ಅಂಜಮ್ಮ ಅವರೆ ಬಳ್ಳಿ ಹಬ್ಬಿಸಿ ಮುಳ್ಳು ಕಟ್ಟಿದ್ದಳು. ಪ್ರತಿ ಕೋಲೂ ಹಸಿರಾಗಿ ಹೂವೂ ಕಾಯಿಯೂ ಬಿಟ್ಟು ನಿಂತಿತ್ತು.

“ವಾವ್! ಒಂದೂ ಸತ್ತಿಲ್ಲ!” ಎಂದಳು ಸಿಂಧು.

ರಾಶಿ ಪೂಜೆಯಾಯಿತು. ಅದೇ ಅವರೆಕಾಯಿಯ ಸಾರಿನಲ್ಲಿ ಮುದ್ದೆ ಮುರಿಯುತ್ತ ಸಿಂಧು ಉಳಿದ ಪ್ರಶ್ನೆಗಳನ್ನು ಕೇಳಿದಳು. ಕಟ್ಟಡಕ್ಕೆ ಈ ವರ್ಷ ಬಳಸಿದ ನೀರು? ಸೊನ್ನೆ. ಡೀಸೆಲು? ಸೊನ್ನೆ. ಸಿಮೆಂಟು? ಸೊನ್ನೆ. ಅಪಘಾತ? ಮಾದೇಶ್ ಊದಿದ ಮೊಣಕೈಯನ್ನು ಬೆನ್ನಿನ ಹಿಂದಕ್ಕೆ ಸರಿಸಿ, ಸೊನ್ನೆ ಎಂದ.

“ಸಾರ್, ನೂರಕ್ಕೆ ನೂರು! ಬೇರೆ ಯಾವ ಸೈಟೂ ಹತ್ತಿರ ಬರಲ್ಲ. ಸಂಜೆ ಮೀಟಿಂಗ್ ಇದೆ, ಮುಗಿದ ಕೂಡಲೇ ಫೋನ್ ಮಾಡ್ತೀನಿ.”

ಕಾರು ಹೋದ ಮೇಲೆ ಮಾದೇಶ್ ಒಂದು ಹಳೆಯ ಬಟ್ಟೆ ಹುಡುಕಿ, ಕಾಂಕ್ರೀಟು ಮಿಕ್ಸರಿನ ತುಕ್ಕು ಒರೆಸಲು ಕುಳಿತ. ಒಂದೇ ಕೈಯಿಂದ ಒರೆಸಿದ. ಡ್ರಮ್ಮನ್ನು ಕೈಯಿಂದಲೇ ಒಂದು ಸುತ್ತು ತಿರುಗಿಸಿದಾಗ ಒಳಗಿದ್ದ ಒಂದೆರಡು ಜಲ್ಲಿಕಲ್ಲು ಗಡಗಡ ಎಂದವು. ಎರಡು ವರ್ಷದಿಂದ ಕೇಳದ ಸದ್ದು. ಅವನು ಇನ್ನೊಂದು ಸುತ್ತು ತಿರುಗಿಸಿ ಕಿವಿಗೊಟ್ಟು ಕೇಳಿದ.

ಅಂಜಮ್ಮ ರಾಗಿಯನ್ನು ಚೀಲಕ್ಕೆ ತುಂಬುತ್ತ ನೋಡುತ್ತಿದ್ದಳು. “ಕೆಲ್ಸ ಸುರುವಾದ್ರೆ ನನ್ ಕಣ ಹೋಗ್ತದೆ ಕಣಪ್ಪಾ. ಇಂಥ ಕಣ ಸುತ್ತ ಎಲ್ಲೂ ಇಲ್ಲ. ಆದ್ರೂ ನಿನ್ ಮೊಕ ನೋಡಿ ಸುಳ್ಳು ಯೋಳ್ಬುಟ್ಟೆ.”

“ಮನೆ ಆದ್ಮೇಲೆ ಮೊದಲ ದಿನ ನೀನೇ ದೀಪ ಹಚ್ಚಕ್ಕಾ” ಎಂದ ಮಾದೇಶ್.

ಹೊತ್ತು ಇಳಿಯುವಾಗ ಸಿಂಧುವಿನ ಫೋನು ಬಂತು.

“ಕಂಗ್ರಾಟ್ಸ್ ಸಾರ್! ನೀವೇ ಫಸ್ಟ್!”

“ಕೆಲಸ ಯಾವತ್ತಿಂದ ಮೇಡಮ್?”

“ಕೆಲಸ ಕೃಷ್ಣಗಿರಿ ರೋಡ್ ಸೈಟಿಗೆ ಹೋಯ್ತು ಸಾರ್.”

“ಅವನಿಗೆ ಸೊನ್ನೆ ಬಂದಿತ್ತಲ್ಲ!”

“ಅದಕ್ಕೇ ಸಾರ್. ಪ್ರತಿ ವರ್ಷ ಅಂಕ ಹೋದ ವರ್ಷಕ್ಕಿಂತ ಮೇಲೆ ಹೋಗ್ಬೇಕು ಅಂತ ಗುರಿ ಇದೆ. ನಿಮ್ಮದು ನೂರು. ಒಂದು ಮೂಟೆ ಸಿಮೆಂಟ್ ಬಿಚ್ಚಿದ್ರೂ ಇಳಿಯುತ್ತೆ. ಅವರದ್ದು ಸೊನ್ನೆ. ಏನು ಮಾಡಿದ್ರೂ ಇಳಿಯಲ್ಲ. ಮೀಟಿಂಗಲ್ಲಿ ಲೆಕ್ಕ ಹಾಕಿ ನೋಡಿದ ಮೇಲೆ ಚೇರ್ಮನ್ ತೀರ್ಮಾನ ಬದಲಾಯಿಸಿದ್ರು. ಹೇಗೂ ಮನೆಗಳು ಮಾರಾಟ ಆಗ್ತಿಲ್ಲ, ಅಂಕ ಆದ್ರೂ ಉಳೀಲಿ, ಉದ್ದನಪಲ್ಲೀನ ಯಾರೂ ಮುಟ್ಟಬೇಡಿ ಅಂದ್ರು. ಅದು ಮಾದರಿ ಸೈಟಂತೆ. ನೀವೇ ನೋಡ್ಕೋಬೇಕಂತೆ. ನೀವೂ ಕೇಳಿದ್ರಲ್ಲ ಸಾರ್, ಇಲ್ಲಿಂದ ಕಳಿಸಬೇಡಿ ಅಂತ?”

ಕೇಳಿದ್ದು ನಿಜ. ಲೆಕ್ಕದಲ್ಲಿಯೂ ತಪ್ಪಿರಲಿಲ್ಲ. ಮಾದೇಶ್ ಫೋನು ಇಟ್ಟ. ಅದು ಮತ್ತೆ ಮೊಳಗಿತು.

“ಲೋ ಮಾದೇಸ!” ಮುತ್ತರಾಯಪ್ಪ ಅಳುವುದೊಂದು ಬಾಕಿ. “ನನ್ ಹಣೇಬರ ನೋಡ್ಲಾ! ಕೆಲ್ಸ ಕೊಟ್ಬುಟ್ರು ಕಣ್ಲಾ! ನಾಳೆ ಮಿಕ್ಸರ್ ಬತ್ತದಂತೆ. ಮೇಲಿನ ಮಹಡಿಗಂಟ ನಾನೇ ಕಟ್ಟಿಸ್ಬೇಕಂತೆ. ಪುಣ್ಯವಂತ ನೀನು.”

ಮಾದೇಶ್ ಫೋನನ್ನು ಜೇಬಿಗಿಟ್ಟು ರಸ್ತೆಯಂಚಿಗೆ ನಡೆದ. ಅಭ್ಯಾಸಬಲದಿಂದ ಕತ್ತೆತ್ತಿದ. ಆ ಹೊತ್ತಿಗೆ ಅಂಜಮ್ಮ, ಕಣಕ್ಕೆ ಹಾಸಿದ್ದ ಹಳೆಯ ಸೀರೆಯನ್ನು ಒಗೆದು, ಮೊದಲ ಮಹಡಿಯ ಮೇಲೇರಿ ಎರಡು ತುಕ್ಕುಕಂಬಿಗಳ ನಡುವೆ ಹರವಿ ಇಳಿದು ಹೋಗಿದ್ದಳು. ಹಸಿರು ಅಂಚಿನ ಸೀರೆ ಸಂಜೆಗಾಳಿಗೆ ನಿಧಾನವಾಗಿ ಅಲುಗುತ್ತಿತ್ತು. ಕೆಳಗಿನ ಕಂಬಗಳು ನೆರಳಿನಲ್ಲಿ ಮುಳುಗಿದ್ದವು. ರಸ್ತೆಯಿಂದ ನೋಡಿದರೆ, ಕಣ್ಣನ್ನು ಸ್ವಲ್ಪ ಕಿರಿದು ಮಾಡಿದರೆ, ಅಲ್ಲಿ ಯಾರೋ ವಾಸವಾಗಿದ್ದರು.

ಅವನು ಬಹಳ ಹೊತ್ತು ಹಾಗೆಯೇ ನಿಂತ. ಆಮೇಲೆ ಹೆಂಡತಿಗೆ ಫೋನು ಮಾಡಿದ.

“ಏನಂದ್ರು ಆಫೀಸ್ನೋರು? ಬಿಲ್ಡಿಂಗ್ ಆಗ್ತದಂತಾ?” ಎಂದಳು ನಾಗಲಕ್ಷ್ಮಿ.

“ಅದಿರ್ಲಿ ಲಕ್ಷ್ಮೀ” ಎಂದ ಮಾದೇಶ್. ಅವನ ದನಿ ಎಂದೂ ಇಲ್ಲದಷ್ಟು ಮೃದುವಾಗಿತ್ತು. “ಇಲ್ಲಿ ಒಂದು ಸೀರೆ ಒಣಗ್ತಾ ಐತೆ ಕಣೆ. ನೋಡ್ತಾ ನಿಂತಿದ್ದೀನಿ. ಎಷ್ಟು ಚೆನ್ನಾಗೈತೆ ಗೊತ್ತಾ?”

ನಾಗಲಕ್ಷ್ಮಿಯ ದನಿ ಒಮ್ಮೆಲೇ ಗಡುಸಾಯಿತು.

“ಯಾರ್ದು ಸೀರೆ?”